ಮುದ್ದೇಬಿಹಾಳದ ಒಂಬತ್ತನೆಯ ಗುರುವಾರ

ಮೂವತ್ತನಾಲ್ಕು ವರ್ಷ ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಐದಕ್ಕೆ ಏಳುವುದು, ಆರಕ್ಕೆ ಮೈದಾನ, ಒಂದು ಸಲ ಸೀಟಿ. ಎರಡನೆಯ ಸಲ ಊದಬೇಕಾಗಿ ಬಂದರೆ ಅದು ಮಾಸ್ತರನ ಸೋಲು ಎಂದು ನಂಬಿದ್ದೆ. ನಿವೃತ್ತಿಯಾದರೂ ಆ ನಂಬಿಕೆ ಹೋಗಲಿಲ್ಲ. ಅದರಿಂದ ನನ್ನ ತಂಗಿಯ ಕೆಲಸ ನಿಂತೇಹೋಗುವುದರಲ್ಲಿತ್ತು.

ತಂಗಿ ಸಿಂದಗಿಯಲ್ಲಿ ಕೌದಿ ಹೊಲಿಯುತ್ತಾಳೆ. ಓಣಿಯ ಇನ್ನಿಬ್ಬರು ಹೆಂಗಸರು ಅವಳ ಪಡಸಾಲೆಗೆ ಬಂದು ಜೊತೆಗೆ ಕೂಡುತ್ತಾರೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿಗೆ ಒಂದೇ ಅಳತೆಯ ಹೊಲಿಗೆ ಹಾಕುತ್ತ ಬರುತ್ತಾರೆ. ಸೀರೆ ಮಾತ್ರ ಹೊದೆಯುವವರ ಮನೆಯದೇ ಆಗಬೇಕು. ಯಾರದೋ ಬಟ್ಟೆ ಹೊಲಿದು ಇನ್ಯಾರಿಗೋ ಮಾರುವುದು ತಂಗಿಗೆ ಒಪ್ಪಿಗೆಯಿಲ್ಲ.

ಹೊಲಿಗೆಗೆ ಹೆಸರಿಡುವಂತಿರಲಿಲ್ಲ. ಆದರೆ ಸೀರೆ ತರುವವರೇ ಇರಲಿಲ್ಲ. ದೀಪಾವಳಿ ಮುಗಿದ ವಾರ ತಂಗಿ ನನ್ನೆದುರು ಚಹಾ ಇಟ್ಟು ಹೇಳಿದಳು:

“ಅಣ್ಣ, ವಿಜಯಪುರದಾಗ ಒಂದು ಹಾಸ್ಟೆಲಿಗೆ ಅಡಿಗಿ ಮಾಡಾಕ ಕರ್ಯಾಕತ್ತಾರ. ಉಗಾದಿತನಕ ನೋಡ್ತೇನಿ. ಆಮ್ಯಾಲ ಸೂಜಿ ಎತ್ತಿಟ್ಟು ಹೋಗ್ತೇನಿ.”

“ಬೋರ್ಡ್ ಹಚ್ಚೇನಲ್ಲ?” ಎಂದೆ. ಬಸ್ ನಿಲ್ದಾಣದೆದುರಿನ ಚಹಾದ ಅಂಗಡಿಯ ಗೋಡೆಗೆ ನಾನೇ ಒಂದು ಬೋರ್ಡು ಹಚ್ಚಿಸಿದ್ದೆ.

“ಹಚ್ಚಿ ವರ್ಷಾತು. ಅದರ ಮ್ಯಾಲ ಯಾರೋ ಟ್ಯೂಷನ್ ಕ್ಲಾಸಿನ ಪೋಸ್ಟರ್ ಹಚ್ಚ್ಯಾರ. ನೋಡೀಯೇನು?”

ನೋಡಿರಲಿಲ್ಲ.

“ಒಮ್ಮೆ ಸೀಟಿ ಊದಿ ಮನೀಗಿ ಬಂದು ಕುಂತಿ ನೀ. ಮಂದಿ ಏನ್ ನಿನ್ನ ಸಾಲಿ ಹುಡುಗ್ರೇನು, ಓಡಿ ಬಂದು ಸಾಲು ನಿಲ್ಲಾಕ?”

ಆ ಮಾತು ಚುರುಕ್ಕೆಂದಿತು. ಅಂದೇ ಕುಳಿತು ವೇಳಾಪಟ್ಟಿ ಬರೆದೆ. ಸೋಮವಾರ ಬಸವನ ಬಾಗೇವಾಡಿ, ಗುಡಿಗೆ ಬರುವ ಮಂದಿ ಸಿಗುತ್ತಾರೆ. ಮಂಗಳವಾರ ಇಂಡಿ. ಗುರುವಾರ ಮುದ್ದೇಬಿಹಾಳ. ಶನಿವಾರ ಸಿಂದಗಿ. ಪ್ರತಿ ಊರಿನಲ್ಲೂ ಒಂದೇ ಜಾಗ, ಹತ್ತರಿಂದ ಒಂದರ ತನಕ. ಹಗ್ಗ ಕಟ್ಟಿ ತಂಗಿಯ ಮನೆಯವೇ ಎರಡು ಕೌದಿ ಹರವುವುದು, ಪಕ್ಕದಲ್ಲಿ ನಿಲ್ಲುವುದು. ಕೂಡುವಂತಿಲ್ಲ ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ.

ಮೊದಲ ಮಂಗಳವಾರ ಇಂಡಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಬೈಕ್ ನಿಲ್ಲಿಸಿ ಇಳಿದ. ಅವನಿಗೀಗ ನಲವತ್ತರ ಮೇಲಾಗಿದೆ, ಹೊಟ್ಟೆಯೂ ಬಂದಿದೆ.

“ಸರ್, ಕೌದಿ ಮಾರಾಕ ನಿಂತೀರೇನ್ರಿ?”

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆದರೂ ಮೈದಾನದ ದನಿಯಲ್ಲೇ ಹೇಳಿದೆ: “ಮಾರಂಗಿಲ್ಲೋ. ನಿಮ್ಮವ್ವನ ಹಳೇ ಸೀರಿ ತಂದುಕೊಡು, ಹೊಲಿಸಿ ಕೊಡ್ತೇನಿ. ಹೂಂ, ಓಡು!”

ಹಳೆಯ ರೂಢಿ, ಪಾಪ, ಎರಡು ಹೆಜ್ಜೆ ಓಡಿಯೇಬಿಟ್ಟ. ಆಮೇಲೆ ಇಬ್ಬರೂ ನಕ್ಕೆವು. ಮುಂದಿನ ಮಂಗಳವಾರ ಸೀರೆ ತಂದ. ಅದೇ ಮೊದಲ ಕೆಲಸ.

ಬಾಗೇವಾಡಿಯಲ್ಲಿ ಒಂದು ಬಂತು, ಸಿಂದಗಿಯಲ್ಲಿ ಒಂದು. ಮುದ್ದೇಬಿಹಾಳದಲ್ಲಿ ಮಾತ್ರ ಎಂಟು ಗುರುವಾರ ಬರಿಗೈ. ಮಂದಿ ಬರುತ್ತಿದ್ದರು, ಹೊಲಿಗೆಯ ಮೇಲೆ ಕೈಯಾಡಿಸುತ್ತಿದ್ದರು, “ಭಾಳ ಚಂದ ಐತ್ರಿ” ಎಂದು ಹೇಳಿ ಆಟೋ ಹತ್ತುತ್ತಿದ್ದರು. ಎಂಟನೆಯ ವಾರ ತಂಗಿಯ ಮನೆಗೆ ಬಂದವನೇ ಪೆನ್ನು ತೆಗೆದು ಮುದ್ದೇಬಿಹಾಳದ ಹೆಸರಿನ ಮೇಲೆ ಗೆರೆ ಎಳೆದೆ.

ತಂಗಿ ಪಟ್ಟಿ ನೋಡಿದಳು. “ಎಂಟ ಸಲ ಬಿದ್ದ ಹುಡುಗಗ ನೀ ಓಟ ಬಿಡಿಸ್ತಿದ್ದೇನು?”

“ಬಿಡಸ್ತಿದ್ದಿಲ್ಲ.”

“ಹಂಗಾರ ನಡಿ. ಒಂಬತ್ತನೇದು ಓಡು.”

ಓಡಿದೆ. ಹನ್ನೊಂದರ ಸುಮಾರಿಗೆ ಒಂದು ಆಟೋ ನಿಂತಿತು. ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಇಳಿದಳು. ಹಿಂದಿನಿಂದ ಚಾಲಕ ಹೊತ್ತು ತಂದ ಗಂಟಿನಲ್ಲಿ ಬರೀ ಇಳಕಲ್ ಸೀರೆಗಳು.

“ನಮ್ಮವ್ವನ್ವು,” ಎಂದಳು. “ಹೋಗಿ ವರ್ಷಾತ್ರಿ. ಆರು ಮಂದಿ ಅಕ್ಕತಂಗ್ಯಾರು ನಾವು. ಆರು ಕೌದಿ ಆಗ್ತಾವೇನು?”

ನಾನು ಸೀರೆ ಎಣಿಸತೊಡಗಿದೆ. ಅವಳೇ ಮುಂದುವರಿಸಿದಳು: “ಮೊದಲ್ನೇ ವಾರ ನಿಮ್ಮನ್ನ ನೋಡಿ ನಕ್ಕಿದ್ದೆರಿ, ಯಾರೀ ಮುದುಕಪ್ಪ, ಪೊಲೀಸ್ನಂಗ ನಿಂತಾನ ಅಂತ. ಮೂರ್ನೇ ವಾರ ಟ್ರಂಕ್ ತಗದೆ. ಅವ್ವನ ವಾಸನಿ ಬಂತು, ಮತ್ತ ಮುಚ್ಚಿದೆ. ಆಮ್ಯಾಲ ಅಕ್ಕಗೋಳಿಗೆ ಫೋನ್ ಮಾಡಿದೆ. ಕತ್ತರಿ ಹಾಕಬ್ಯಾಡ ಅಂತ ಒಬ್ಬಾಕಿ ಅತ್ಲು. ನಿನ್ನೆ ಆಕೀನೂ ಹೂಂ ಅಂದ್ಲು. ಇವತ್ತು ನೀವು ಇರದಿದ್ರ ಈ ಗಂಟು ಮತ್ತ ಟ್ರಂಕಿಗೆ ಹೋಗ್ತಿತ್ತು.”

ಆ ಎಂಟು ಗುರುವಾರ ನಾನು ಬರಿಗೈಯಲ್ಲಿ ಮರಳುತ್ತಿದ್ದಾಗಲೆಲ್ಲ ಒಂದು ಮನೆಯಲ್ಲಿ ಕೆಲಸ ನಡೆದೇ ಇತ್ತು. ತಾಯಿಯ ಸೀರೆಗೆ ಕತ್ತರಿ ಹಾಕಲು ಮನಸ್ಸಿಗೆ ಅಷ್ಟು ದಿನ ಬೇಕು. ಆ ದಿನಗಳುದ್ದಕ್ಕೂ ನಾವು ಕಣ್ಣಿಗೆ ಬೀಳುತ್ತಿರಬೇಕು. ಸಣ್ಣ ಉದ್ಯೋಗ ಮಾಡುವವರು ಯಾರೇ ಸಿಕ್ಕರೂ ಈಗ ನಾನು ಹೇಳುವುದು ಇದನ್ನೇ: ನಿಮ್ಮ ಕೆಲಸದ ಬಗ್ಗೆ ಹೇಳಿ, ನಾಳೆ ಮತ್ತೆ ಹೇಳಿ. ಇನ್ನೊಮ್ಮೆ ಹೇಳಿದರೆ ಮರ್ಯಾದೆ ಹೋಗುತ್ತದೆ ಎಂದು ನಾನೂ ತಿಳಿದಿದ್ದೆ. ಏನೂ ಹೋಗಲಿಲ್ಲ.

ಒಂದೂವರೆ ತಿಂಗಳಲ್ಲಿ ಆರು ಕೌದಿ ಆರು ಮನೆಗೆ ಹೋದವು. ನೋಡಿದ ಬೀಗರು, ನೆರೆಯವರು ಅದರ ಮುಂದಿನ ಗುರುವಾರದ ಹೊತ್ತಿಗೆ ಗಂಟು ಹಿಡಿದು ನಿಂತಿದ್ದರು. ಮೂವರ ಕೈ ಸಾಲದೆ ತಂಗಿ ಇನ್ನೂ ನಾಲ್ವರನ್ನು ಕೂಡಿಸಿಕೊಂಡಳು. ಪಡಸಾಲೆ ಸಾಲದೆ ಅಂಗಳಕ್ಕೆ ನೆರಳಿಗೆಂದು ಗೋಣಿತಟ್ಟು ಕಟ್ಟಿದೆವು.

ಯುಗಾದಿಯ ದಿನ ನಾನು ಬೇವು-ಬೆಲ್ಲಕ್ಕೆಂದು ಅವಳ ಮನೆಗೆ ಹೋಗಿದ್ದೆ. ಅವಳ ಫೋನ್ ರಿಂಗಾಯಿತು, ಹಾಸ್ಟೆಲಿನವರು. ತಂಗಿಯ ಒಂದು ಕೈಯಲ್ಲಿ ಸೂಜಿ, ಹಲ್ಲಿನಲ್ಲಿ ದಾರ. ನೀನೇ ಮಾತಾಡು ಎಂದು ಕಣ್ಣಲ್ಲೇ ಹೇಳಿದಳು.

“ಆಕೀಗಿ ಪುರಸೊತ್ತಿಲ್ರಿ,” ಎಂದೆ. “ಬ್ಯಾರೆಯವರನ್ನ ನೋಡ್ಕೋರಿ. ಅಂದಂಗ, ನಿಮ್ಮ ಮನ್ಯಾಗ ಹಳೇ ಸೀರಿ ಅದಾವೇನ್ರಿ?”