ಎರಡೂ ಕಡೆ ಸಿಂಹ

ಜಯನಗರದಲ್ಲಿ ನನ್ನದೊಂದು ಹಲ್ಲಿನ ಕ್ಲಿನಿಕ್ ಇದೆ. ಕಣ್ಣಿಗೆ ಕಟ್ಟಿಕೊಳ್ಳುವ ಭೂತಗನ್ನಡಿ, ತಲೆಯ ಮೇಲೊಂದು ಪ್ರಖರ ದೀಪ, ಪುಡಿ ತೂಗುವ ಪುಟ್ಟ ತಕ್ಕಡಿ ಎಲ್ಲವೂ ಅಲ್ಲಿವೆ. ಇಷ್ಟಿದ್ದರೆ ನಾಣ್ಯ ಪರೀಕ್ಷೆಯನ್ನೂ ಮಾಡಬಹುದೆಂದು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ. ಮಾಮೂಲಿ ನಾಣ್ಯಗಳಲ್ಲ, ಟಂಕಸಾಲೆಯಲ್ಲಿ ಅಚ್ಚು ಹೊಡೆಯುವಾಗ ಯಂತ್ರ ಎಡವಿ ಹುಟ್ಟಿದ ನಾಣ್ಯಗಳು. ಚಿತ್ರ ಪಕ್ಕಕ್ಕೆ ಸರಿದದ್ದು, ಅಂಚು ಯಾರೋ ಕಚ್ಚಿದಂತಿರುವುದು, ಒಂದು ಮುಖ ಖಾಲಿ ಉಳಿದದ್ದು. ಅಸಲಿಯಾದರೆ ಇವುಗಳಿಗೆ ಮುಖಬೆಲೆಯ ನೂರಾರು ಪಟ್ಟು ಕೊಡುವವರಿದ್ದಾರೆ ಎಂದು ಮೊಬೈಲಿನ ವಿಡಿಯೋ ಒಂದು ಹೇಳಿತು. ನಾನು ನಂಬಿದೆ.

ಮೊದಲ ನಿಧಿ ತರಕಾರಿಯ ಚಿಲ್ಲರೆಯಲ್ಲಿ ಸಿಕ್ಕಿತು. ಹತ್ತು ರೂಪಾಯಿಯ ನಾಣ್ಯ, ನಡುವಿನ ಬಿಳಿ ಬಿಲ್ಲೆ ಒಂದು ಕಡೆ ಉಬ್ಬಿಕೊಂಡಿತ್ತು. ನನ್ನ ಗಂಡ ಅದನ್ನು ತಿರುಗಿಸಿ ನೋಡಿ, "ಯಾರೋ ಸುತ್ತಿಗೇಲಿ ಹೊಡೆದಿದಾರೆ ಕಣೆ" ಎಂದರು. ಅವರಿಗೆ ಸೂಕ್ಷ್ಮದೃಷ್ಟಿ ಕಡಿಮೆ ಎಂದುಕೊಂಡೆ. ಮರುದಿನ ಕ್ಲಿನಿಕ್ಕಿನ ದೀಪದಲ್ಲಿ ಸುತ್ತಿಗೆಯ ಗುರುತು ಸ್ಪಷ್ಟವಾಗಿಯೇ ಕಂಡಿತು. ಗಂಡನಿಗೆ ಹೇಳಲಿಲ್ಲ.

ಆದರೆ ರೋಗಿಗಳಿಗೆ ಉಪನ್ಯಾಸ ಶುರುಮಾಡಿದೆ. ಬಾಯಲ್ಲಿ ಹತ್ತಿ ತುಂಬಿಕೊಂಡು ಮಲಗಿದವರು ಎದುರಾಡುವುದಿಲ್ಲ. ಅಸಲಿ ಯಾವುದು, ನಕಲಿ ಯಾವುದು, ಹಳೆಯ ನಾಣ್ಯವನ್ನು ಯಾಕೆ ಎಂದಿಗೂ ತೊಳೆಯಬಾರದು ಎಂದೆಲ್ಲ ವಿವರಿಸುತ್ತಿದ್ದೆ. ಅವರು "ಹಾಂ, ಹಾಂ" ಅನ್ನುತ್ತಿದ್ದರು. ಅದನ್ನು ಮೆಚ್ಚುಗೆ ಎಂದು ತಿಳಿದೆ.

ಹೀಗೆ ಕೇಳಿಸಿಕೊಂಡವರಲ್ಲಿ ಬನಶಂಕರಿಯ ಒಬ್ಬ ನಿವೃತ್ತ ಗಣಿತದ ಮೇಷ್ಟ್ರಿದ್ದರು. ಹಲ್ಲಿನ ಸೆಟ್ ಮಾಡಿಸಿಕೊಳ್ಳಲು ಬರುತ್ತಿದ್ದರು. ಒಂದು ದಿನ ಅಳತೆ ಕೊಟ್ಟು ಎದ್ದವರು ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದರು.

"ಡಾಕ್ಟ್ರೇ, ಇದನ್ನೊಂಚೂರು ನೋಡ್ತೀರಾ? ನಮ್ಮಣ್ಣ ಹೋದ್ಮೇಲೆ ಅತ್ತಿಗೆ ಅವನ ಶೇವಿಂಗ್ ಡಬ್ಬಿ ಕೊಟ್ರು. ಅದರಲ್ಲಿತ್ತು."

ಹಿಂದೆ ಬರುತ್ತಿದ್ದ ದೊಡ್ಡ ಒಂದು ರೂಪಾಯಿ. ಒಂದು ಕಡೆ ಸಿಂಹಗಳು. ತಿರುಗಿಸಿದೆ. ಆ ಕಡೆಯೂ ಸಿಂಹಗಳು.

ಭೂತಗನ್ನಡಿ ಕಟ್ಟಿಕೊಂಡು ನೋಡಿದೆ. ತೂಗಿದೆ. ತೂಕ ಸ್ವಲ್ಪ ಕಡಿಮೆ ಬಂತು. ಟಂಕಸಾಲೆಯವರು ಚಿತ್ರವನ್ನೇ ತಪ್ಪು ಒತ್ತಿರುವಾಗ ತೂಕ ಮಾತ್ರ ಸರಿ ಇರುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡೂ ಕಡೆ ಒಂದೇ ಮುಖವಿರುವ ನಾಣ್ಯಗಳು ಬಹುಪಾಲು ಯಾರೋ ಕೈಯಾರೆ ಮಾಡಿದವು ಎಂದು ಎಲ್ಲೋ ಓದಿದ್ದೆ. ಆ ಪುಟವನ್ನು ಬೇಗ ಬೇಗ ಓದಿದ್ದೆ.

"ಅಸಲಿ ಸಾರ್. ನೂರಕ್ಕೆ ನೂರು. ಇದನ್ನ ಮಾರಿದ್ರೆ ಒಂದು ಕಾರೇ ಬರುತ್ತೆ."

"ನನಗೆ ಡ್ರೈವಿಂಗ್ ಬರಲ್ವಲ್ಲಾ" ಎಂದರು ಮೇಷ್ಟ್ರು.

ಮುಂದಿನ ವಾರ ಊರಲ್ಲಿ ನಾಣ್ಯ ಪ್ರದರ್ಶನವಿತ್ತು. ಇಬ್ಬರೂ ಹೋಗಿ ವ್ಯಾಪಾರಿಗಳಿಗೆ ತೋರಿಸುವುದೆಂದು ಮಾತಾಯಿತು. ಸಿಂಹಗಳ ಕಾಲ ಬಳಿ ಹಸಿರು ಕೊಳೆ ಕೂತಿದ್ದು ನನಗೆ ಸರಿಬರಲಿಲ್ಲ. ಸಲಕರಣೆಗಳನ್ನು ತೊಳೆಯಲು ನಮ್ಮಲ್ಲೊಂದು ಯಂತ್ರವಿದೆ. ಬಿಸಿನೀರು ಸಣ್ಣಗೆ ನಡುಗುತ್ತಾ ಮೂಲೆಮೂಲೆಯ ಕೊಳೆ ತೆಗೆಯುತ್ತದೆ. ಅದರ ಮುಚ್ಚಳ ತೆರೆದೆ.

"ಹಳೇ ನಾಣ್ಯ ತೊಳೀಬಾರ್ದು ಅಂತ ನೀವೇ ಹೇಳಿದ್ರಿ."

"ಅದು ಗೊತ್ತಿಲ್ದೇ ಇರೋರಿಗೆ ಸಾರ್."

ಯಂತ್ರ ಗುಂಯ್ ಅಂದಿತು. ನಿಲ್ಲಿಸಿ ಮುಚ್ಚಳ ಎತ್ತಿದಾಗ ನೀರಿನ ತಳದಲ್ಲಿ ಎರಡು ಚೂರುಗಳಿದ್ದವು. ಒಂದು ತೆಳ್ಳಗೆ, ಡಬ್ಬಿಯ ಮುಚ್ಚಳದ ಹಾಗೆ. ಇನ್ನೊಂದು ಅದರೊಳಗೆ ಸರಿಯಾಗಿ ಕೂರುವ ಬಿಲ್ಲೆ. ಯಾರೋ ಜಾಣ ಲೇತ್‌ನಲ್ಲಿ ಒಂದು ರೂಪಾಯಿಯನ್ನು ಒಳಗಿನಿಂದ ಕೊರೆದು, ಇನ್ನೊಂದನ್ನು ಅರೆದು ಅದರೊಳಗೆ ಅಂಟಿಸಿದ್ದ. ಅಂಚಿನ ಒಳಬದಿಯಲ್ಲಿ ಸುತ್ತಲೂ ಕೂದಲೆಳೆಯಷ್ಟು ಸಂದು ಇದ್ದಿರಲೇಬೇಕು. ಹಲ್ಲಿಗೂ ಕ್ಯಾಪಿಗೂ ನಡುವಿನ ಅಂಥದ್ದೇ ಸಂದನ್ನು ದಿನವಿಡೀ ಹುಡುಕಿ ಹೊಟ್ಟೆ ಹೊರೆಯುವವಳು ನಾನು.

"ಸಾರ್, ಸಾರಿ ಸಾರ್" ಎಂದೆ.

ಮೇಷ್ಟ್ರು ಎರಡು ಚೂರುಗಳನ್ನೂ ಅಂಗೈಯಲ್ಲಿಟ್ಟುಕೊಂಡು ಒಂದರೊಳಗೊಂದು ಕೂರಿಸಿ ನೋಡಿದರು. ಆಮೇಲೆ ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು.

"ಕಳ್ಳ ನನ್ಮಗ. ಅಣ್ಣ ಎಲ್ಲದಕ್ಕೂ ಟಾಸ್ ಹಾಕೋನು ಡಾಕ್ಟ್ರೇ. ಸ್ಕೂಟರ್ ಯಾರಿಗೆ, ಸೀಮೆಎಣ್ಣೆ ಕ್ಯೂಗೆ ಯಾರು, ಎಲ್ಲಕ್ಕೂ. ಸಿಂಹ ನಂದು ಅಂತ ಮೊದಲೇ ಅಂದ್ಬಿಡೋನು. ಬಿದ್ದಿದ್ದನ್ನ ತೋರಿಸಿ ತಕ್ಷಣ ಜೇಬಿಗೆ ಹಾಕ್ಕೊಳ್ಳೋನು. ನಾನು ಕ್ಲಾಸಲ್ಲಿ ಮಕ್ಕಳಿಗೆ ಅವನ ಅದೃಷ್ಟಾನೇ ಉದಾಹರಣೆ ಕೊಡ್ತಿದ್ದೆ. ಲೆಕ್ಕದ ಪ್ರಕಾರ ಅಪರೂಪಕ್ಕೆ ಹೀಗೂ ಆಗುತ್ತೆ ಅಂತ."

ನನಗೂ ನಗು ಬಂತು. ನನ್ನಷ್ಟೇ ಮೋಸಹೋದ ಇನ್ನೊಬ್ಬರು ಸಿಕ್ಕಿದರಲ್ಲ ಎಂಬ ನೆಮ್ಮದಿಯೂ ಅದರಲ್ಲಿತ್ತು. ಅಷ್ಟರಲ್ಲಿ ಅವರ ನಗು ನಿಂತಿತು.

"ಮನೆ ಭಾಗ ಮಾಡ್ಕೊಂಡಾಗ್ಲೂ ಟಾಸೇ ಹಾಕಿದ್ದು" ಎಂದರು. "ಇಬ್ಬರಿಗೂ ಕೆಳಗಿನ ಮನೇನೇ ಬೇಕಿತ್ತು."

"ಅಣ್ಣನೇ ಗೆದ್ರಾ?"

"ಇಲ್ಲ. ಅವತ್ತು ಅವನು, ಯಾವಾಗ್ಲೂ ನಾನೇ ಸಿಂಹ ಅಂತೀನಿ, ಈ ಸಲ ನೀನು ತಗೋ ಅಂದ. ಸಿಂಹ ಬಿತ್ತು. ಕೆಳಗಿನ ಮನೆ ನಂದಾಯ್ತು. ಅವನು ಕೊನೇವರೆಗೂ ಮಂಡಿ ಹಿಡ್ಕೊಂಡು ಮೆಟ್ಟಿಲು ಹತ್ತಿದ. ಮುಖ್ಯವಾದ್ರಲ್ಲೇ ಸೋತ್ಯಲ್ಲೋ ಅಂತ ನಾನು ರೇಗಿಸ್ತಿದ್ದೆ. ಅವನೂ ನಗೋನು."

ಸಮಾಧಾನ ಮಾಡಬೇಕೆನಿಸಿ, "ಸಾರ್, ಅವತ್ತು ಬೇರೆ ರೂಪಾಯಿ ಹಾಕಿರಬಹುದು" ಎಂದೆ.

ತಪ್ಪು ಉತ್ತರ ಬರೆದ ಹುಡುಗಿಯನ್ನು ನೋಡುವಂತೆ ನೋಡಿದರು. "ನಾಣ್ಯದ ವಿಷಯ ಇವತ್ತಿಗೆ ಸಾಕು ಮಾಡಿ ಡಾಕ್ಟ್ರೇ. ಇದನ್ನ ಮತ್ತೆ ಅಂಟಿಸಿಕೊಡೋಕಾಗುತ್ತಾ?"

ಕ್ಯಾಪ್ ಕೂರಿಸುವ ಸಿಮೆಂಟಿನಲ್ಲಿ ಅಂಟಿಸಿ, ಉಳಿದದ್ದನ್ನು ಕೆರೆದು ನಯಮಾಡಿ ಕೊಟ್ಟೆ. ಪ್ರದರ್ಶನಕ್ಕೆ ನಾವು ಹೋಗಲಿಲ್ಲ. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ, ಸುತ್ತಿಗೆಯ ವಿಷಯವನ್ನೂ ಸೇರಿಸಿ. ಅವರು ತಟ್ಟೆಯಿಂದ ತಲೆಯೆತ್ತದೆ, "ಅದು ನಂಗೊತ್ತಿತ್ತು" ಎಂದರು.

ಹಲ್ಲಿನ ಸೆಟ್ ಕೂರಿಸಿಕೊಂಡ ಮೇಲೆ ಮೇಷ್ಟ್ರು ಮತ್ತೊಮ್ಮೆ ಬಂದರು. ಅತ್ತಿಗೆಗೆ ನಾಣ್ಯ ತೋರಿಸಿದರಂತೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಕೆಳಗಿನ ಮನೆಯನ್ನು ಹಾಗೆ ಬಿಟ್ಟುಕೊಟ್ಟದ್ದಕ್ಕೆ ಗಂಡನ ಜೊತೆ ಬಹಳ ದಿನ ಮಾತು ಬಿಟ್ಟಿದ್ದರಂತೆ. ಈಗಲಾದರೂ ನೀವು ಕೆಳಗೆ ಬನ್ನಿ, ನಾವು ಮೇಲೆ ಹೋಗುತ್ತೇವೆ ಎಂದು ಇವರು ಕರೆದರೆ, ಮೇಲೆ ಗಾಳಿ ಚೆನ್ನಾಗಿದೆ, ಬರಲ್ಲ ಎಂದರಂತೆ. ಅದಕ್ಕೇ ಈಗ ಸಂಜೆ ಇವರೇ ಮೆಟ್ಟಿಲು ಹತ್ತಿ ಹೋಗಿ ಅಲ್ಲೇ ಕಾಫಿ ಕುಡಿದು ಬರುತ್ತಾರೆ.

ಇದನ್ನೆಲ್ಲ ಹೇಳುವಾಗ ಕೆಳಗಿನ ಸೆಟ್ಟು ಒಂದು ಬದಿಗೆ ಸ್ವಲ್ಪ ಅಲ್ಲಾಡುತ್ತಿತ್ತು. ಅದನ್ನು ಮಾತ್ರ ನಾನು ತಕ್ಷಣ ಕಂಡುಹಿಡಿದೆ.