ಕುಕ್ಕರಿನ ಎರಡು ಕೂಗು

ನವೆಂಬರ್ ೧೬, ಭಾನುವಾರ, ಬೆಳಿಗ್ಗೆ ಹತ್ತೂಕಾಲು.

ಎಣಿಸುವುದು ನನ್ನ ಚಟ. ನಾನಿರುವ ಕಾಪೆಲ್ಲೆಯಿಂದ ಯುಟ್ರೆಕ್ಟ್‌ನ ಆಫೀಸಿಗೆ ಹೋಗುವ ರೈಲು ಈ ವರ್ಷ ನಲವತ್ತೊಂದು ಸಲ ತಡವಾಗಿದೆ, ಸೈಕಲ್ ಮೂರು ಸಲ ಪಂಕ್ಚರ್ ಆಗಿದೆ. ಅಬ್ಬ ತೀರಿಕೊಂಡು ಏಳು ತಿಂಗಳು. ಅಮ್ಮಿ ತುಮಕೂರಿನಿಂದ ನನ್ನ ಮನೆಗೆ ಬಂದು ಅರವತ್ತೆಂಟು ದಿನ. ವೀಸಾದಲ್ಲಿ ಉಳಿದಿರುವುದು ಇಪ್ಪತ್ತೆರಡು. ಈ ಅರವತ್ತೆಂಟು ದಿನಗಳಲ್ಲಿ ಅವರು ಅಬ್ಬನ ಮಾತೆತ್ತಿದ್ದು ಒಂಬತ್ತೇ ಸಲ. ಒಂಬತ್ತೂ ಸಲ ಭಾನುವಾರ, ಒಂಬತ್ತೂ ಸಲ ಒಲೆಯ ಮೇಲೆ ಕುಕ್ಕರ್ ಇತ್ತು.

ತುಮಕೂರಿನಲ್ಲಿ ಭಾನುವಾರದ ಮಾಂಸಕ್ಕೆ ಎಂಟು ಕೂಗು ಬೇಕಾಗುತ್ತಿತ್ತು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಅಬ್ಬ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೂಗು ಎಣಿಸುತ್ತಿದ್ದರು. ಎಂಟಾಗುವಷ್ಟರಲ್ಲಿ ಅವರೂ ಅಮ್ಮಿಯೂ ವಾರದ ಮಾತೆಲ್ಲ ಮುಗಿಸುತ್ತಿದ್ದರು. ಅವರು ಎಣಿಸುವುದು ಮಾಂಸಕ್ಕಾಗಿ ಎಂದೇ ನಾನು ತಿಳಿದಿದ್ದೆ.

ಇಲ್ಲಿ ನಮ್ಮ ಬೀದಿಯ ಹಲಾಲ್ ಅಂಗಡಿಯಲ್ಲಿ ಸಿಗುವುದು ಎಳೆಗರುವಿನ ಮಾಂಸ. ಮೊದಲ ಭಾನುವಾರ ಅಮ್ಮಿ ರೂಢಿಯಂತೆ ಮಾಂಸ ಮೆತ್ತಗಾಗಲೆಂದು ಪಪ್ಪಾಯಿಕಾಯಿ ಅರೆದು ಹಚ್ಚಿ, ಎಂಟು ಕೂಗು ಕೂಗಿಸಿದರು. ಮುಚ್ಚಳ ತೆಗೆದರೆ ಒಳಗೆ ತುಂಡುಗಳೇ ಇರಲಿಲ್ಲ, ಹಲ್ವದಂಥದ್ದೇನೋ ಇತ್ತು. ಇಬ್ಬರೂ ಅದನ್ನು ಚಪಾತಿಗೆ ಸವರಿಕೊಂಡು ತಿಂದೆವು. ನಾನು ಬಿಡುವವಳಲ್ಲ. ಪಪ್ಪಾಯಿ ಬಿಡಿಸಿದೆ, ವಾರ ವಾರ ಕೂಗು ಇಳಿಸಿದೆ: ಏಳು, ಐದು, ಮೂರು, ಕೊನೆಗೆ ಎರಡು. ಎರಡಕ್ಕೆ ಮಾಂಸ ಹದವಾಗಿತ್ತು. ಡೈರಿಯಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದೆ.

ಅವತ್ತು ಅಮ್ಮಿ, ಅಬ್ಬ ಹೆಣ್ಣು ನೋಡಲು ಬಂದ ದಿನದ ಕತೆ ಶುರುಮಾಡಿದ್ದರು. ಕತೆಯಲ್ಲಿ ಅಬ್ಬ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಎರಡನೆಯ ಕೂಗು ಬಂತು. ಅಮ್ಮಿ ಎದ್ದು ಒಲೆ ಆರಿಸಿ, "ಆಯ್ತಲ್ಲ, ತಟ್ಟೆ ಇಡು" ಎಂದರು. ಹೀಗೆ ಐದು ಭಾನುವಾರ, ಐದು ಅರ್ಧ ಕತೆ. ಎಣಿಸುವುದರಲ್ಲಿ ಇಷ್ಟು ಚುರುಕಾದವಳಿಗೆ ಇದು ಕಾಣಲು ಐದು ವಾರ ಬೇಕಾಯಿತು.

ಇದು ಹಾಲು, ಚೀಸಿನ ನಾಡು. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಗಂಡುಕರು ಹಾಲು ಕೊಡುವುದಿಲ್ಲ, ಹಾಗಾಗಿ ಕೆಲವೇ ತಿಂಗಳಲ್ಲಿ ಅಂಗಡಿಗೆ ಬರುತ್ತದೆ. ಕಳೆದ ಭಾನುವಾರ ಊಟದ ಹೊತ್ತಿಗೆ ಇದನ್ನು ಹೇಳಿದಾಗ ಅಮ್ಮಿ ತುತ್ತನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು.

"ಪಾಪ, ಗಟ್ಟಿಯಾಗೋಕೆ ಟೈಮೇ ಸಿಕ್ಕಿಲ್ಲ ಇದಕ್ಕೆ," ಎಂದರು. ಆಮೇಲೆ, "ನಿಮ್ಮಬ್ಬನ್ನ ಮೆತ್ತಗೆ ಮಾಡೋಕೆ ನಂಗೆ ಮೂವತ್ತು ವರ್ಷ ಹಿಡೀತು, ಬೇಟಾ."

ನಿನ್ನೆ ಅಂಗಡಿಯವನನ್ನು ಕೇಳಿದೆ: ಬೇಯಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಯಾವ ಭಾಗ? ಎಲ್ಲರೂ ಬೇಗ ಬೇಯುವುದನ್ನೇ ಕೇಳುವುದಂತೆ. ಅವನು ನನ್ನ ಮುಖ ನೋಡಿ, ಮಜ್ಜೆಯಿರುವ ನಳಿಮೂಳೆಯ ಸಮೇತ ಕಾಲಿನ ಮಾಂಸವನ್ನು ಅಡ್ಡಡ್ಡ ಕತ್ತರಿಸಿಕೊಟ್ಟ. ದಪ್ಪ ತಳದ ಪಾತ್ರೆ, ಸಣ್ಣ ಉರಿ, ಎರಡು ಗಂಟೆ ಎಂದ.

ಒಂಬತ್ತೂವರೆಗೆ ಒಲೆಯ ಮೇಲಿಟ್ಟೆ. ಕುಕ್ಕರ್ ಎಲ್ಲಿ ಎಂದು ಅಮ್ಮಿ ಕೇಳಿದರು. ಅದರ ರಬ್ಬರ್ ಹರಿದಿದೆ ಎಂದೆ. ಆಫೀಸಿನ ಚೀಲದಿಂದ ಆ ರಬ್ಬರ್ ಇಣುಕುತ್ತಿದ್ದುದನ್ನು ಅವರು ನೋಡಿದರು. ಈಗ ಬೆಳ್ಳುಳ್ಳಿ ಬುಟ್ಟಿ ಹಿಡಿದು ಬಂದು, ಒಲೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಿದ್ದಾರೆ.

"ಹೂಂ, ಚಪ್ಪಲಿ ಬಿಟ್ರು ಅಂದೆನಲ್ಲ..."

ಇನ್ನು ಒಂದೂಕಾಲು ಗಂಟೆ ಇದೆ. ಪೆನ್ನು ಇಡುತ್ತೇನೆ. ಮುಂದೆ ಮೂರು ಭಾನುವಾರ ಉಳಿದಿವೆ. ಇದನ್ನು ಓದುವವರಲ್ಲಿ ಕರುವಿನ ಮಾಂಸದ ಅಡುಗೆ ಬಲ್ಲವರು ದಯವಿಟ್ಟು ಬರೆಯಿರಿ. ಬೇಗ ಆಗುವಂಥದ್ದು ಬೇಡ. ಎರಡು ಗಂಟೆಗಿಂತ ಹೆಚ್ಚು ಹಿಡಿಯುವಂಥದ್ದು ಯಾವುದಿದ್ದರೂ ಸರಿ.