ಅದ್ರಾಮಾಕನ ಸಲಾಂ

ಕುಂಬ್ರದ ಹಕೀಮ್ ಹನ್ನೆರಡು ವರ್ಷದಿಂದ ಇರುವುದು ಒಮಾನಿನ ಮಿರ್ಬಾತ್‌ನಲ್ಲಿ. ಕಡಲ ಬದಿಯ ಸಣ್ಣ ಊರು. ಅಲ್ಲಿ ಸಂತರೊಬ್ಬರ ಗೋರಿಯಿರುವ ಹಳೆಯ ಮಖಾಮಿನ ಝಿಯಾರತ್ತಿಗೆಂದು, ದರ್ಶನಕ್ಕೆಂದು, ದೂರದೂರದಿಂದ ಬಸ್ಸು ಮಾಡಿಕೊಂಡು ಜನ ಬರುತ್ತಾರೆ. ಬಂದವರಿಗೆ ಚಾ, ಪರೋಟ, ಜ್ಯೂಸ್ ಕೊಡುವ ಕೆಫೆಟೇರಿಯಾದಲ್ಲಿ ಹಕೀಮನಿಗೆ ಕೆಲಸ. ಊರಿನವರ ಬಾಯಲ್ಲಿ ಮಾತ್ರ ಅವನು ಮಖಾಮಿನ ನೆರಳಲ್ಲಿ ಬದುಕುವ ಪುಣ್ಯವಂತ.

ಮೊದಲ ವರ್ಷ ಅವನು ಶುಕ್ರವಾರ ತಪ್ಪದೆ ಮಖಾಮಿಗೆ ಹೋಗುತ್ತಿದ್ದ. ಯಾತ್ರಿಕರು ಮುಗಿಬೀಳುವುದೂ ಶುಕ್ರವಾರವೇ ಆದ್ದರಿಂದ ಆಮೇಲಾಮೇಲೆ ತಪ್ಪಿತು. ಬಿಡುವು ಸಿಕ್ಕರೆ ಕಾಲು ಚಾಚಿ ಮಲಗಿದರೆ ಸಾಕೆನಿಸುತ್ತಿತ್ತು. ಆದರೆ ಊರಿನ ಫೋನು ನಿಲ್ಲಲಿಲ್ಲ. "ಹಕೀಮಾಕ, ಮಗಳಿಗೆ ಪರೀಕ್ಷೆ, ಒಂದು ದುಆ ಮಾಡಿ." ಆಟೋದ ತ್ಯಾಂಪಣ್ಣನೂ ಕೇಳಿದ್ದ, "ನಮ್ಮ ಹುಡುಗ ಸಂಪ್ರೀತನ ಕಾಲಿನ ಆಪರೇಷನ್ ಉಂಟು ಮಾರಾಯ್ರೆ, ಅಲ್ಲಿ ಒಂದು ಮಾತು ಹೇಳಿ." ಹಕೀಮ್ ಎಲ್ಲರಿಗೂ "ಹೇಳಿದ್ದೇನೆ" ಎಂದು ಉತ್ತರಿಸುತ್ತಿದ್ದ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಕಳೆದ ವರ್ಷ ಊರಿನಲ್ಲಿ ಪಕ್ಕದ ಮನೆಯ ಅದ್ರಾಮಾಕ ಹಾಸಿಗೆ ಹಿಡಿದರು. ಕುಂಬ್ರದಲ್ಲಿ ಒಣಮೀನು ಮಾರುತ್ತಿದ್ದವರು. ಹಕೀಮ್ ಮೊದಲ ಸಲ ವಿಮಾನ ಹತ್ತುವಾಗ ಮಂಗಳೂರಿನವರೆಗೆ ಜೊತೆಗೆ ಬಂದವರು. ಅವರ ವಾಯ್ಸ್ ಮೆಸೇಜ್ ಮೊಬೈಲಿಗೆ ಬಂತು. "ಹಕೀಮಾ, ನನಗೆ ಇನ್ನು ಅಲ್ಲಿಗೆ ಬರ್ಲಿಕ್ಕೆ ಆಗುದಿಲ್ಲ. ನನ್ನ ಸಲಾಂ ಮುಟ್ಟಿಸು. ಅಲ್ಲಿ ಹೇಗುಂಟು ಅಂತ ಸ್ವಲ್ಪ ಹೇಳು."

ಅಂದು ಮಧ್ಯಾಹ್ನ ಜ್ಯೂಸಿನ ಕಟ್ಟೆಗೆ ಒರಗಿ ನಿಂತು ಹಕೀಮ್ ತಾನೂ ಧ್ವನಿಯಲ್ಲೇ ಉತ್ತರ ಕಳಿಸಿದ. "ಮಾಮ, ಈಗ ಮಖಾಮಿನ ಎದುರೇ ಇದ್ದೇನೆ. ನಿಮ್ಮ ಸಲಾಂ ಹೇಳಿದೆ. ಒಳಗೆ ತಂಪು ಉಂಟು. ಹಸಿರು ಹಾಸು, ಅತ್ತರಿನ ಪರಿಮಳ..." ಹನ್ನೊಂದು ವರ್ಷದ ಹಿಂದೆ ಕಂಡದ್ದನ್ನೆಲ್ಲ ಹೇಳಿ ಮುಗಿಸಿದ.

ಎರಡು ತಿಂಗಳಲ್ಲಿ ಅದ್ರಾಮಾಕ ತೀರಿಕೊಂಡರು. ಹಕೀಮನಿಗೆ ರಜೆ ಸಿಕ್ಕಿದ್ದು ಐದು ತಿಂಗಳು ಕಳೆದು. ಊರಿಗೆ ಬಂದ ಮರುದಿನ ಅವರ ಮನೆಗೆ ಹೋದ. ಅವರ ಹೆಂಡತಿ ಐಸಮ್ಮ ಅವನನ್ನು ಕೂರಿಸಿ, ಒಳಗಿಂದ ಗಂಡನ ಮೊಬೈಲ್ ತಂದರು.

"ಇದನ್ನು ದಿನಾ ಕೇಳ್ತಿದ್ದರು. ಕಡೆಯ ದಿನವೂ ಕೇಳಿದ್ದಾರೆ."

ಹಕೀಮನ ಧ್ವನಿ ಕೋಣೆ ತುಂಬಿತು. ಒಳಗೆ ತಂಪು ಉಂಟು ಎನ್ನುವಲ್ಲಿ ಹಿಂದಿನಿಂದ ಮಿಕ್ಸಿ ಗರ್ರೆಂದಿತು. ಅದರ ಮೇಲೆ ಯಾರೋ ಸ್ಪಷ್ಟವಾಗಿ ಎರಡು ಚಾ, ಒಂದು ಮುಸುಂಬಿ ಜ್ಯೂಸ್ ಹೇಳಿದರು. ಕಳಿಸುವಾಗ ಅದು ಅವನ ಗಮನಕ್ಕೇ ಬಂದಿರಲಿಲ್ಲ.

"ಇದೆಂತ ಶಬ್ದ ಅಂತ ನಾನೂ ಕೇಳಿದ್ದೆ," ಎಂದರು ಐಸಮ್ಮ. "ಮಖಾಮಿನ ಎದುರು ಅಂಗಡಿ ಇರ್ತದೆ, ನಿನಗೆಂತ ಗೊತ್ತು ಅಂದರು."

ಹಕೀಮನ ಕಿವಿ ಬಿಸಿಯಾಯಿತು. ತಲೆ ಎತ್ತಲಾಗಲಿಲ್ಲ. "ಮಾಮಿ, ನಾನು ಹೋಗಿರಲಿಲ್ಲ. ಅಂಗಡಿಯಲ್ಲೇ ನಿಂತು ಹೇಳಿದ್ದು."

"ಆಮೇಲಾದರೂ ಹೋದೆಯಾ?"

"ಇಲ್ಲ. ನಡೆದರೆ ಹತ್ತು ನಿಮಿಷ ಅಷ್ಟೆ."

ಐಸಮ್ಮ ಮೊಬೈಲನ್ನು ಮಡಿಲಲ್ಲಿ ಕವುಚಿ ಇಟ್ಟುಕೊಂಡರು. "ಆಗುದಿಲ್ಲ ಅಂತ ಒಂದು ಮಾತು ಹೇಳಬಹುದಿತ್ತು," ಎಂದರು. "ನನ್ನ ತಮ್ಮನ ಅಳಿಯ ಅಲ್ಲೇ ಹತ್ರ ಸಲಾಲದಲ್ಲಿ ಇದ್ದಾನೆ. ಅವನ ಹತ್ರ ಹೇಳ್ತೇನೆ ಅಂದೆ. ಇವರೇ ಬೇಡ ಅಂದರು, ಹಕೀಮ ಹೇಳಿ ಆಗಿದೆಯಲ್ಲ ಅಂತ."

ಅಷ್ಟರಲ್ಲಿ ಮಗಳು ನಶೀದಾ ಚಾ ತಂದು ಅಪ್ಪನ ಮಾತೆತ್ತಿದಳು. "ಉಪ್ಪನಿಗೆ ನೀವು ಮಾಡಿದ್ದನ್ನು ನಾವು ಮರೆಯುದಿಲ್ಲ ಹಕೀಮಾಕ." ಐಸಮ್ಮ ಮೊಬೈಲನ್ನು ಒಳಗಿಡಲು ಎದ್ದರು. ಹಕೀಮ್ ಚಾದ ಲೋಟವನ್ನು ಹಾಗೆಯೇ ಕೆಳಗಿಟ್ಟ. ಹೊರಡುವಾಗ ಅಂಗಳದ ತುದಿಯವರೆಗೆ ಬಂದ ಐಸಮ್ಮ, "ನಶೀದಾಳಿಗೆ ಗೊತ್ತಾಗುದು ಬೇಡ, ಅವಳಾದರೂ ಸಮಾಧಾನದಲ್ಲಿರಲಿ," ಎಂದು ತಿರುಗಿ ನಡೆದರು.

ಉಳಿದ ರಜೆಯುದ್ದಕ್ಕೂ ಹಕೀಮ್ ಆ ಮನೆಯ ಎದುರಿನ ದಾರಿ ಬಿಟ್ಟು ಸುತ್ತಿ ಓಡಾಡಿದ. ತ್ಯಾಂಪಣ್ಣನಿಗೆ ನಿಜ ಹೇಳಿದ. "ಹುಡುಗ ಈಗ ನಡೀತಾನಲ್ಲ, ಬಿಡಿ ಮಾರಾಯ್ರೆ," ಎಂದು ಅವನು ನಕ್ಕುಬಿಟ್ಟ. ಆ ನಗುವಿನಿಂದ ಹಕೀಮನಿಗೆ ಇನ್ನಷ್ಟು ನಾಚಿಕೆಯಾಯಿತು.

ಮಿರ್ಬಾತ್‌ಗೆ ಮರಳಿದವನು ಮೊದಲ ಶುಕ್ರವಾರವೇ ಒಂದು ಗಂಟೆ ಬಿಡುವು ಕೇಳಿ ಮಖಾಮಿಗೆ ಹೋದ. ಚಪ್ಪಲಿ ಬಿಡುವುದೆಲ್ಲಿ ಎಂದು ಯಾತ್ರಿಕರೊಬ್ಬರನ್ನು ಕೇಳಬೇಕಾಯಿತು. ಹಾಸು ಕೆಂಪಾಗಿತ್ತು. ಅದ್ರಾಮಾಕನ ಹೆಸರು ಹೇಳಿ ಸಲಾಂ ಮುಟ್ಟಿಸಿದ. ಹೊರಗೆ ಬಂದು ಐಸಮ್ಮನಿಗೆ ಫೋನ್ ಮಾಡಿದ. ಎತ್ತಿದ್ದು ನಶೀದಾ. ಸುಮ್ಮನೆ ಮಾಡಿದೆ ಎಂದು ಇಟ್ಟುಬಿಟ್ಟ.

ಈಗ ದುಆ ಕೇಳಿದವರಿಗೆ "ಹೋಗಲಿಕ್ಕೆ ಆದರೆ ಹೇಳ್ತೇನೆ" ಎನ್ನುತ್ತಾನೆ. ಹಾಗೆಂದರೆ ಜನ ಬೇಸರ ಮಾಡ್ತಾರೆ ಎಂದು ತಾಯಿ ಕದೀಜಮ್ಮ ಫೋನಿನಲ್ಲಿ ಗದರುತ್ತಾರೆ. ಕೇಳುವವರೂ ಕಡಿಮೆಯಾಗಿದ್ದಾರೆ.